ದೂರಶಿಕ್ಷಣ ಸುಲಭ ಅಂತ ನಿಮಗೆ ಹೇಳಿದವರು ಯಾರು?

ಪ್ರಶ್ನೆ: ನನಗೆ 34 ವರ್ಷ. ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ಕಾಲೇಜು ಬಿಟ್ಟೆ. ಈಗ ಕೆಲಸದಲ್ಲಿದ್ದೇನೆ, ಐದು ವರ್ಷದ ಮಗನಿದ್ದಾನೆ. ಬಿಟ್ಟ ಓದನ್ನು ಮುಗಿಸಬೇಕು ಅನಿಸುತ್ತಿದೆ. ತರಗತಿಗೆ ಹೋಗಲೋ, ದೂರಶಿಕ್ಷಣಕ್ಕೆ ಸೇರಲೋ? ದೂರಶಿಕ್ಷಣ ಸುಲಭ, ಪರೀಕ್ಷೆಗೆ ಮುಂಚೆ ಒಂದು ತಿಂಗಳು ಓದಿದರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ.

ಉತ್ತರ: ಈ ‘ಒಂದು ತಿಂಗಳು ಓದಿದರೆ ಸಾಕು’ ಎಂಬ ಮಾತು ನನಗೆ ಬರುವ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಪ್ರತಿ ಸಲವೂ ಸಿಟ್ಟು ಬರುತ್ತದೆ. ನಿಮ್ಮ ಮೇಲಲ್ಲ, ಹಾಗೆ ಹೇಳಿಕೊಟ್ಟವರ ಮೇಲೆ. ಅವರ ಮಾತು ನಂಬಿ ಫೀಸು ಕಟ್ಟಿ, ಎರಡು ವರ್ಷ ಕಳೆದುಕೊಂಡು, ‘ನನ್ನ ತಲೆಗೆ ಓದು ಹತ್ತುವುದಿಲ್ಲ’ ಎಂದು ನನ್ನೆದುರು ಕೂತು ಅತ್ತವರಿದ್ದಾರೆ. ಅವರ ತಲೆ ಚೆನ್ನಾಗಿಯೇ ಇತ್ತು. ಓದಲು ಸಮಯ ಎಲ್ಲಿಂದ ತರಬೇಕು ಅನ್ನುವುದನ್ನು ಮಾತ್ರ ಯಾರೂ ಹೇಳಿರಲಿಲ್ಲ.

ಮೊದಲು ಲೆಕ್ಕ ಹಾಕಿ. ಯುರೋಪಿನ ವಿಶ್ವವಿದ್ಯಾಲಯಗಳಲ್ಲಿ ಒಂದು ವರ್ಷದ ಪೂರ್ತಿ ಓದಿಗೆ 60 ಕ್ರೆಡಿಟ್, ಅಂದರೆ ಓದಿನ ಪ್ರಮಾಣ ಅಳೆಯುವ ಅಂಕ. ಪಾಠ, ಓದು, ಅಸೈನ್‌ಮೆಂಟ್, ಪರೀಕ್ಷೆ ಎಲ್ಲ ಸೇರಿ ಅದು 1,500ರಿಂದ 1,800 ಗಂಟೆಗಳ ಕೆಲಸ. ವರ್ಷಕ್ಕೆ 40 ವಾರ ಅಂತ ಹಿಡಿದರೆ ವಾರಕ್ಕೆ 38ರಿಂದ 45 ಗಂಟೆ. ಇನ್ನೊಂದು ನೌಕರಿಯೇ ಆಯಿತಲ್ಲ! ಅಮೆರಿಕದ ಲೆಕ್ಕದಲ್ಲಿ ತರಗತಿಯ ಪ್ರತಿ ಒಂದು ಗಂಟೆಗೆ ಹೊರಗೆ ಕನಿಷ್ಠ ಎರಡು ಗಂಟೆ ಓದಬೇಕು. ಪಾಠ ಮನೆಗೇ ಬಂತು ಅಂದ ಮಾತ್ರಕ್ಕೆ ಈ ಗಂಟೆಗಳು ಕಡಿಮೆಯಾಗುವುದಿಲ್ಲ. ಓಡಾಟ ಉಳಿಯುತ್ತದೆ, ಅಷ್ಟೇ.

ಹಾಗಾಗಿ ನೀವು ಕೇಳಿಕೊಳ್ಳಬೇಕಾದ್ದು ಒಂದೇ. ನನ್ನ ಓದಿನ ಗಂಟೆಯನ್ನು ಕಾಯುವವರು ಯಾರು?

ತರಗತಿ ಇದ್ದರೆ ವೇಳಾಪಟ್ಟಿಯೇ ಕಾಯುತ್ತದೆ. ಮಂಗಳವಾರ ಸಂಜೆ ಆರಕ್ಕೆ ಪಾಠ ಅಂದರೆ ಆರಕ್ಕೆ ಪಾಠ. ಮನೆಯವರಿಗೂ ಗೊತ್ತು, ಕೆಲಸದ ಜಾಗದಲ್ಲೂ ಗೊತ್ತು. ಅದೇ ಮನೆಯಲ್ಲಿ ಪುಸ್ತಕ ತೆರೆದು ಕೂತು ನೋಡಿ. ‘ಹೇಗೂ ಸುಮ್ನೆ ಕೂತಿದ್ದೀಯಲ್ಲ’ ಅಂತ ಒಂದು ಕೆಲಸ ಬಂದೇ ಬರುತ್ತದೆ. ಹೊಸ್ತಿಲು ದಾಟಿ ಹೋದವರನ್ನು ಹಾಗೆ ಕರೆಯಲು ಆಗುವುದಿಲ್ಲ. ಇನ್ನೊಂದು ಲಾಭವೂ ಇದೆ. ಎರಡನೇ ಪಾಠದಲ್ಲಿ ತಪ್ಪು ತಿಳಿದುಕೊಂಡರೆ ತರಗತಿಯಲ್ಲಿ ಅದು ಆ ವಾರವೇ ಗೊತ್ತಾಗುತ್ತದೆ. ಒಬ್ಬರೇ ಓದುವಾಗ ಅದೇ ತಪ್ಪು ಪರೀಕ್ಷೆಯವರೆಗೆ ಜೊತೆಗೆ ಬರುತ್ತದೆ.

ದೂರಶಿಕ್ಷಣದ ಬಲ ಬೇರೆ ಥರದ್ದು. ಪಾಳಿ ಬದಲಾದರೂ, ಮಗುವಿಗೆ ಜ್ವರ ಬಂದರೂ ಪಾಠ ತಪ್ಪಿಹೋಗುವುದಿಲ್ಲ. ಆದರೆ ದೂರ ಅಂದರೆ ಒಂಟಿ ಅಂತಲ್ಲ. ಬ್ರಿಟನ್ನಿನ ಓಪನ್ ಯೂನಿವರ್ಸಿಟಿ 1971ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಟಿವಿ, ರೇಡಿಯೊ, ಅಂಚೆಯಲ್ಲಿ ಪಾಠ ಮನೆಗೇ ಬರುತ್ತಿತ್ತು. ಆದರೂ ವಿದ್ಯಾರ್ಥಿಗಳಿಗೆ ಟ್ಯೂಟರ್ ಇದ್ದರು, ಬೇಸಿಗೆ ಶಿಬಿರಕ್ಕೆ ಕರೆಸುತ್ತಿದ್ದರು. ಇದಕ್ಕೆ ತದ್ವಿರುದ್ಧ, ಯಾರು ಬೇಕಾದರೂ ಉಚಿತವಾಗಿ ಸೇರಬಹುದಾದ ಆನ್‌ಲೈನ್ ಕೋರ್ಸುಗಳು. ಅವುಗಳಲ್ಲಿ ಬಹುಪಾಲು ಕೋರ್ಸುಗಳನ್ನು ಮುಗಿಸುವವರು 100ಕ್ಕೆ 15 ಜನಕ್ಕಿಂತ ಕಡಿಮೆ. ಆದ್ದರಿಂದ ಸೇರುವ ಮುಂಚೆ ಕೇಳಿ: ನನ್ನ ಅಸೈನ್‌ಮೆಂಟ್ ಓದಿ ಎಲ್ಲಿ ತಪ್ಪಾಗಿದೆ ಅಂತ ಬರೆದು ಕೊಡುವವರು ಯಾರು? ಎಷ್ಟು ದಿನದಲ್ಲಿ? ಉತ್ತರ ತಡವರಿಸಿದರೆ ಎದ್ದು ಬನ್ನಿ.

ಫೀಸು ಕಟ್ಟುವ ಮುಂಚೆ ನಾಲ್ಕು ವಾರ ಒಂದು ಪ್ರಯೋಗ ಮಾಡಿ. ನೀವು ಓದಬೇಕೆಂದಿರುವ ವಿಷಯದ ಒಂದು ಪಠ್ಯಪುಸ್ತಕ ತನ್ನಿ. ವಾರಕ್ಕೆ ಹತ್ತು ಗಂಟೆ ಗುರಿ. ನಿಜವಾಗಿ ಓದಿದ ಗಂಟೆಯನ್ನು ದಿನವೂ ಬರೆದಿಡಿ, ಓದಬೇಕು ಅಂದುಕೊಂಡದ್ದನ್ನಲ್ಲ. ವಾರದ ಕೊನೆಗೆ ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿರಿ. ಇದನ್ನು ಬಿಡಲೇಬೇಡಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನಶ್ಶಾಸ್ತ್ರಜ್ಞರು ತೋರಿಸಿದ್ದು ಇದನ್ನೇ. ಓದಿದ್ದನ್ನೇ ಮತ್ತೆ ಮತ್ತೆ ಓದಿದವರಿಗಿಂತ, ನೆನಪಿನಿಂದ ಬರೆದು ನೋಡಿದವರಿಗೆ ಒಂದು ವಾರದ ನಂತರ ಜಾಸ್ತಿ ನೆನಪಿತ್ತು.

ನಾಲ್ಕರಲ್ಲಿ ಮೂರು ವಾರ ಎಂಟು ಗಂಟೆ ದಾಟಿದರೆ ದೂರಶಿಕ್ಷಣಕ್ಕೆ ಧೈರ್ಯವಾಗಿ ಸೇರಿ. ಆದರೆ ಎಲ್ಲ ವಿಷಯ ಒಟ್ಟಿಗೆ ಬೇಡ, ಒಂದೋ ಎರಡೋ ಸಾಕು. ದಾಟದಿದ್ದರೆ ಸಂಜೆ ತರಗತಿ ಹುಡುಕಿ. ನನ್ನನ್ನು ಕೇಳಿದರೆ, ಒಂದು ಸಲ ಓದು ಬಿಟ್ಟವರು ಮೊದಲ ಸೆಮಿಸ್ಟರನ್ನು ತರಗತಿಯಲ್ಲೇ ಕಳೆಯುವುದು ಒಳ್ಳೆಯದು. ಇದು ಅತಿಯಾದ ಎಚ್ಚರ ಎನ್ನುವ ಸಹೋದ್ಯೋಗಿಗಳಿದ್ದಾರೆ. ಎರಡನೇ ಸಲ ಓದು ಬಿಟ್ಟವರ ಮುಖ ನೋಡಿದ ಮೇಲೆ ನಾನು ಮಾತ್ರ ಬದಲಾಗಿಲ್ಲ.

ನಿಮ್ಮ ಹಳೆಯ ಕ್ರೆಡಿಟ್‌ಗಳು ಲೆಕ್ಕಕ್ಕೆ ಬರುತ್ತವೆಯೇ ಎಂಬುದನ್ನು ಲಿಖಿತವಾಗಿ ಪಡೆಯಿರಿ. ಹಲವು ಕಡೆ ಅವಕ್ಕೆ ವಾಯಿದೆ ಇರುತ್ತದೆ. ಫೋನಿನಲ್ಲಿ ‘ಆಗುತ್ತೆ ಬಿಡಿ’ ಅಂದದ್ದು ನಾಳೆ ಉಪಯೋಗಕ್ಕೆ ಬರುವುದಿಲ್ಲ.

ಪ್ರಶ್ನೆ: ನಾನು ಕಣ್ಣಿನಿಂದ ನೋಡಿ ಕಲಿಯುವವನು. ನನಗೆ ವಿಡಿಯೊ ಪಾಠವೇ ಸರಿ ಅಲ್ವಾ?

ಉತ್ತರ: ಇಲ್ಲ. 2008ರಲ್ಲಿ ಪ್ಯಾಶ್ಲರ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಸಂಗಡಿಗರು ಈ ನಂಬಿಕೆಯನ್ನು ಜಾಲಾಡಿ ನೋಡಿದರು. ಒಬ್ಬೊಬ್ಬರ ‘ಶೈಲಿ’ಗೆ ತಕ್ಕಂತೆ ಕಲಿಸಿದರೆ ಹೆಚ್ಚು ಕಲಿಯುತ್ತಾರೆ ಅನ್ನಲು ಸರಿಯಾದ ಪುರಾವೆ ಸಿಗಲಿಲ್ಲ. ಭೂಪಟ ಎಲ್ಲರೂ ನೋಡಿಯೇ ಕಲಿಯಬೇಕು, ಉಚ್ಚಾರಣೆ ಎಲ್ಲರೂ ಕೇಳಿಯೇ ಕಲಿಯಬೇಕು.

ಪ್ರಶ್ನೆ: 51 ವರ್ಷಕ್ಕೆ ಓದು ಶುರು ಮಾಡಬಹುದೇ?

ಉತ್ತರ: ಮಾಡಬಹುದು. ಅರ್ಜಿ ಹಾಕಿ.

ಪ್ರಶ್ನೆ: ದೂರಶಿಕ್ಷಣದ ಡಿಗ್ರಿಗೆ ಬೆಲೆ ಇದೆಯೇ?

ಉತ್ತರ: ಲಂಡನ್ ವಿಶ್ವವಿದ್ಯಾಲಯ 1858ರಿಂದಲೇ ಕಾಲೇಜಿಗೆ ಬಾರದವರಿಗೂ ಪರೀಕ್ಷೆ ಬರೆಯಲು ಬಿಟ್ಟಿದೆ. ಬೆಲೆ ಬರುವುದು ಮಾನ್ಯತೆಯಿಂದ. ಅದನ್ನು ಸಂಸ್ಥೆಯ ಜಾಹೀರಾತಿನಲ್ಲಿ ನೋಡಬೇಡಿ, ಮಾನ್ಯತೆ ಕೊಡುವವರ ಪಟ್ಟಿಯಲ್ಲೇ ನೋಡಿ.

ಪ್ರಶ್ನೆ: ಪರೀಕ್ಷೆ ಬರೆಯದೆ ಆರು ತಿಂಗಳಲ್ಲಿ ಡಿಗ್ರಿ ಕೊಡಿಸುತ್ತೇನೆ, ಹಳೆಯ ತಾರೀಖು ಹಾಕಿಸುತ್ತೇನೆ ಎಂದು ಒಬ್ಬರು ಮುಂಗಡ ತೆಗೆದುಕೊಂಡಿದ್ದಾರೆ. ನಂಬಬಹುದೇ?

ಉತ್ತರ: ಅವರು ಕೊಡುವುದು ಖೋಟಾ ಕಾಗದ. ನಾಳೆ ಅದು ಸಿಕ್ಕಿಬಿದ್ದರೆ ಕೆಲಸ ಹೋಗುವುದು ನಿಮ್ಮದು, ಅವರದಲ್ಲ. ಇನ್ನು ಒಂದು ಕಾಸೂ ಕೊಡಬೇಡಿ. ನಿಮ್ಮ ಮೂಲ ಅಂಕಪಟ್ಟಿ ಅವರ ಕೈಯಲ್ಲಿದ್ದರೆ ಇವತ್ತೇ ಹೋಗಿ ವಾಪಸ್ ತನ್ನಿ. ಕೊಡದಿದ್ದರೆ ನೇರ ಪೊಲೀಸರ ಹತ್ತಿರ ಹೋಗಿ.