ಪ್ರತಿಕ್ರಿಯೆ: ತೊಗರಿ ಖರೀದಿ ಟೇಬಲ್ ಒಡೀಬೇಕಾ?

ರೈತನ ಹೆಸರು, ಫೋನ್, ಊರು, ತಾಲೂಕು, ಚೀಲ, ದರ ಎಲ್ಲಾ ಡೇಟಾಬೇಸ್‌ನ ಒಂದೇ ಟೇಬಲ್‌ನಾಗ ಅದಾವ, ಬೇರೆ ಬೇರೆ ಟೇಬಲ್ ಆಗಿ ಒಡೀಬೇಕಾ ಅಂತ ಕೇಳೀರಿ. ಒಡೀರಿ. ಈಗ ಆಳಂದದ ರೈತನೊಬ್ಬ ನಂಬರ್ ಬದಲಿಸಿದ್ರ ಅವನ ಎಲ್ಲಾ ಸಾಲು ತಿದ್ದಬೇಕು. ಒಂದು ಉಳಿದ್ರೂ ಯಾವ ನಂಬರ್ ಖರೇ ಅಂತ ತಿಳಿಯಂಗಿಲ್ಲ.

ರೈತ, ಊರು, ಖರೀದಿ ಅಂತ ಮೂರು ಟೇಬಲ್ ಸಾಕು. ತಾಲೂಕು ಊರಿನ ಟೇಬಲ್‌ಗೆ ಹೋಗ್ಲಿ. ಹೆಸರನ್ನ ಪ್ರೈಮರಿ ಕೀ (ಒಂದೊಂದು ಸಾಲನ್ನ ಬೇರೆಯಾಗಿ ಗುರುತಿಸೋ ಕಾಲಂ) ಮಾಡಬ್ಯಾಡ್ರಿ, ನಮ್ಮ ಕಡೆ ಒಂದೊಂದು ಊರಾಗ ಶರಣಪ್ಪಗಳು ಎಷ್ಟು ಮಂದಿ! ರೈತನಿಗೊಂದು ಐಡಿ ಕೊಟ್ಟು, ಖರೀದಿಯಾಗ ಅದನ್ನೇ ಫಾರಿನ್ ಕೀ (ರೈತನ ಟೇಬಲ್‌ಗೆ ಜೋಡಿಸೋ ಕೊಂಡಿ) ಮಾಡ್ರಿ.

ದರ ಮಾತ್ರ ಖರೀದಿ ಸಾಲಿನಾಗೇ ಇರ್ಲಿ. ಎಪಿಎಂಸಿ ದರ ಏರಿಳೀತಿರ್ತದ. ಬೇರೆ ಟೇಬಲ್‌ನಿಂದ ಇವತ್ತಿನ ದರ ತಂದ್ರ ಹಳೇ ಬಿಲ್ಲೆಲ್ಲಾ ಕೆಡ್ತಾವ.

ಮೊದಲು ಬ್ಯಾಕಪ್ ತಗೋರಿ. ‘ಜೇವರ್ಗಿ’, ‘ಜೇವರಗಿ’ ಅಂತ ಎರಡು ಥರ ಬರೆದಿದ್ರ ಒಂದೇ ಮಾಡಿಕೊಂಡು ಆಮ್ಯಾಲ ಒಡೀರಿ.