ಪಕ್ಕಪಕ್ಕದ ಹೊಂಡಗಳಲ್ಲಿ ಬೇರೆ ಬೇರೆ ಜೀವಿಗಳೇಕೆ?

ಪ್ರಶ್ನೆ: ಇನ್ನೂರು ಮೀಟರ್ ಅಂತರದಲ್ಲಿ ಎರಡು ಹೊಂಡಗಳಿವೆ, ಎರಡಕ್ಕೂ ಮಳೆನೀರೇ ಆಧಾರ. ಒಂದರಲ್ಲಿ ಬರಿಗಣ್ಣಿಗೇ ಕಾಣುವ ಡಾಫ್ನಿಯಾ (ನೀರುಚಿಗಟ), ಇನ್ನೊಂದರಲ್ಲಿ ಬರೀ ಸೂಕ್ಷ್ಮದರ್ಶಕದಲ್ಲಿ ಕಾಣುವ ಪುಟ್ಟ ಜಲಪ್ರಾಣಿಗಳಾದ ರೋಟಿಫರ್‌ಗಳು. ಗಾಳಿ, ಹಕ್ಕಿಗಳು ಇವನ್ನೆಲ್ಲ ಎಲ್ಲೆಡೆಗೂ ಒಯ್ಯುತ್ತವಲ್ಲವೇ?

ಉತ್ತರ: ಎರಡನೆಯ ಹೊಂಡದಲ್ಲಿ ಮೀನುಗಳಿವೆಯೇ ಎಂದು ಮೊದಲು ನೋಡಿ. ಕಣ್ಣಿನಿಂದ ಬೇಟೆಯಾಡುವ ಸಣ್ಣ ಮೀನುಗಳು ದೊಡ್ಡ ಪ್ಲವಕಗಳನ್ನೇ (ನೀರಿನಲ್ಲಿ ತೇಲಾಡುವ ಜೀವಿಗಳನ್ನೇ) ಆರಿಸಿ ತಿನ್ನುತ್ತವೆ. ವಿಜ್ಞಾನಿಗಳಾದ ಬ್ರೂಕ್ಸ್ ಮತ್ತು ಡಾಡ್ಸನ್ 1965ರಲ್ಲಿ ಇದನ್ನು ಸ್ಪಷ್ಟವಾಗಿ ತೋರಿಸಿದರು. ದೊಡ್ಡ ಡಾಫ್ನಿಯಾ ಇರುವಲ್ಲಿ ಅದು ಪಾಚಿಯನ್ನೆಲ್ಲ ಸೋಸಿ ತಿಂದು ರೋಟಿಫರ್‌ಗಳಿಗೆ ಆಹಾರ ಉಳಿಸುವುದಿಲ್ಲ. ಸೋಸುವ ಭರದಲ್ಲಿ ಅವುಗಳನ್ನೇ ಜಜ್ಜಿಹಾಕುವುದೂ ಉಂಟು. ಮೀನು ಬಂದು ಡಾಫ್ನಿಯಾ ಕರಗಿದರೆ ರೋಟಿಫರ್‌ಗಳಿಗೆ ಸುಗ್ಗಿ.

ಇಷ್ಟು ಹತ್ತಿರದಲ್ಲಿ ತಲುಪುವುದು ದೊಡ್ಡ ಅಡ್ಡಿಯಲ್ಲ. ಡಾಫ್ನಿಯಾದ ಸುಪ್ತ ಮೊಟ್ಟೆಗಳು ಗಟ್ಟಿ ಕವಚದಲ್ಲಿ ಸಾಮಾನ್ಯವಾಗಿ ಎರಡೆರಡಾಗಿರುತ್ತವೆ. ಈ ಕವಚ ನೀರಿನ ಮೇಲೆ ತೇಲಿ ಹಕ್ಕಿಯ ಪುಕ್ಕಕ್ಕೆ ಅಂಟುತ್ತದೆ, ಒಣಗಿದರೂ ತಾಳಿಕೊಳ್ಳುತ್ತದೆ. ಮರಿಯಾಗುವ ಒಂದೇ ಹೆಣ್ಣು ಗಂಡಿನ ಹಂಗಿಲ್ಲದೆ ಸಂತತಿ ಬೆಳೆಸಬಲ್ಲದು. ಕೋಪೆಪಾಡ್‌ಗಳ (ಸೀಗಡಿಯ ಸಂಬಂಧಿಗಳಾದ ಪುಟ್ಟ ಜಲಪ್ರಾಣಿಗಳ) ಕಥೆ ಬೇರೆ: ಅವುಗಳಿಗೆ ಸಾಮಾನ್ಯವಾಗಿ ಗಂಡು ಹೆಣ್ಣು ಎರಡೂ ಬೇಕು, ಆದ್ದರಿಂದ ಹೊಸ ಹೊಂಡದಲ್ಲಿ ಬೇರೂರುವುದು ಕಷ್ಟ. ‘ಎಲ್ಲವೂ ಎಲ್ಲೆಡೆ ಇದೆ, ಆರಿಸುವುದು ಪರಿಸರ’ ಎಂದು 1934ರಲ್ಲಿ ಡಚ್ ವಿಜ್ಞಾನಿ ಬಾಸ್ ಬೆಕಿಂಗ್ ಹೇಳಿದ್ದು ಸೂಕ್ಷ್ಮಜೀವಿಗಳ ಬಗ್ಗೆ. ಕೋಪೆಪಾಡ್‌ಗಳಿಗೆ ಅದನ್ನು ಹಾಗೆಯೇ ಅನ್ವಯಿಸಬಾರದು.

ಪ್ರಶ್ನೆ: ವ್ಯತ್ಯಾಸಕ್ಕೆ ಕಾರಣ ಪರಿಸರವೋ ದೂರವೋ ಎಂದು ಅಳೆಯುವುದು ಹೇಗೆ?

ಉತ್ತರ: ಎಡವುವುದು ಹೆಚ್ಚಾಗಿ ಹೊಂಡಗಳ ಆಯ್ಕೆಯಲ್ಲೇ. ಅಕ್ಕಪಕ್ಕದ ಹೊಂಡಗಳ ಮಣ್ಣು, ಆಳ, ಲವಣ ಒಂದೇ ತೆರನಾಗಿದ್ದರೆ ಅವುಗಳ ಜೀವಿಗಳು ಹೋಲುವುದು ಪರಿಸರದಿಂದಲೋ ಸಾಮೀಪ್ಯದಿಂದಲೋ ಗೊತ್ತಾಗುವುದೇ ಇಲ್ಲ. ಹತ್ತಿರವಿದ್ದೂ ಭಿನ್ನವಾದ, ದೂರವಿದ್ದೂ ಒಂದೇ ಬಗೆಯ ಹೊಂಡಗಳನ್ನು ಬೇಕೆಂದೇ ಸೇರಿಸಿಕೊಳ್ಳಿ. ಪಿಎಚ್, ವಿದ್ಯುದ್ವಾಹಕತೆ (ಲವಣಾಂಶದ ಸೂಚಕ), ಆಳ, ಜಲಸಸ್ಯ, ಮೀನು, ಇಷ್ಟನ್ನಾದರೂ ದಾಖಲಿಸಿ. ಮೀನನ್ನು ಬಿಟ್ಟರೆ ಅದರ ಪರಿಣಾಮ ಲೆಕ್ಕದಲ್ಲಿ ‘ದೂರ’ದ ವೇಷ ಹಾಕಿಕೊಂಡು ಬರುತ್ತದೆ. ಕಾಲುವೆಯಿಂದ ಕೂಡಿದ ಹೊಂಡಗಳನ್ನು ಬೇರೆಯಾಗಿ ಗುರುತಿಸಿ: ಅಲ್ಲಿ ಹರಿದುಬರುವ ಜೀವಿಗಳು ಬಾಳಲಾಗದ ನೀರಿನಲ್ಲೂ ಕಾಣಿಸಿಕೊಳ್ಳುತ್ತವೆ.

ಮಾದರಿಗೆ ಹೊಂಡದ ನಾಲ್ಕೈದು ಕಡೆಯಿಂದ, ಸಸ್ಯಗಳ ನಡುವಿನಿಂದಲೂ ತಳದ ಸಮೀಪದಿಂದಲೂ, ಒಟ್ಟು 50 ಲೀಟರ್ ನೀರೆತ್ತಿ 50 ಮೈಕ್ರೊಮೀಟರ್ ಬಲೆಯಲ್ಲಿ ಸೋಸಿ. 150ರ ಬಲೆಯಲ್ಲಿ ರೋಟಿಫರ್‌ಗಳು ನುಸುಳಿಹೋಗುತ್ತವೆ. ಹಗಲಿನಲ್ಲಿ ಮೇಲ್ಮೈ ನೀರನ್ನಷ್ಟೇ ತೆಗೆದರೆ ಕೆಳಗಿಳಿದ ಡಾಫ್ನಿಯಾ ತಪ್ಪಿಸಿಕೊಳ್ಳುತ್ತದೆ. ಮಾದರಿ ಕೆಡದಂತೆ ಸಕ್ಕರೆ ಬೆರೆಸಿದ 4% ಫಾರ್ಮಾಲಿನ್ ಬಳಸುವುದು ರೂಢಿ. ಸಕ್ಕರೆಯಿಲ್ಲದಿದ್ದರೆ ಡಾಫ್ನಿಯಾದ ಕವಚ ಉಬ್ಬಿ ಮೊಟ್ಟೆಗಳು ಉದುರುತ್ತವೆ. ಫಾರ್ಮಾಲಿನ್ ಹೊಗೆ ವಿಷ, ಆದ್ದರಿಂದ ಮನೆಯಲ್ಲಾದರೆ 70% ಆಲ್ಕೋಹಾಲೇ ಇರಲಿ. ಡೆಲಾಯ್ಡ್ (Bdelloid) ಎಂಬ ಗುಂಪಿನ ರೋಟಿಫರ್‌ಗಳು ಎರಡರಲ್ಲೂ ಮುದುಡಿ ಉಂಡೆಯಾಗುತ್ತವೆ. ಅವುಗಳನ್ನು ಜೀವಂತವಿರುವಾಗಲೇ ಗುರುತಿಸಬೇಕು.

ಎಣಿಕೆಗೆ ಮಾದರಿಯನ್ನು 50 ಮಿ.ಲೀ.ಗೆ ತಂದು, ನಿಧಾನವಾಗಿ ಕಲಕಿ, ಅಗಲ ಬಾಯಿಯ ಪಿಪೆಟ್‌ನಿಂದ 1 ಮಿ.ಲೀ. ಸೆಡ್ಜ್‌ವಿಕ್–ರಾಫ್ಟರ್ ಕೋಶಕ್ಕೆ (ಸೂಕ್ಷ್ಮದರ್ಶಕದಡಿ ಎಣಿಸಲು ಬಳಸುವ 1 ಮಿ.ಲೀ. ಹಿಡಿಸುವ ತಟ್ಟೆ) ಹಾಕಿ. ಅದರಲ್ಲಿ 40 ಸಿಕ್ಕರೆ ಇಡೀ ಮಾದರಿಯಲ್ಲಿ 2,000, ಅಂದರೆ ಲೀಟರಿಗೆ 40. ಒಂದೇ ತುಂಬನ್ನು ನಂಬದೆ ಕನಿಷ್ಠ ಮೂರು ಸಲ ಎಣಿಸಿ.

ಪ್ರಶ್ನೆ: ಒಣಗಿದ ಹೊಂಡದ ಮಣ್ಣಿನಿಂದ ಏನಾದರೂ ತಿಳಿಯುತ್ತದೆಯೇ?

ಉತ್ತರ: ಖಂಡಿತ. ಮೇಲಿನ 2–3 ಸೆಂ.ಮೀ. ಮಣ್ಣನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ, ಕ್ಲೋರಿನ್ ಇಲ್ಲದ ನೀರು ಹಾಕಿ, ಬೆಳಕಿರುವಲ್ಲಿ ಸುಮಾರು 20 ಡಿಗ್ರಿಯಲ್ಲಿಡಿ. ಮಣ್ಣಿನ ಪದರ ದಪ್ಪವಾದರೆ ಅಡಿಯ ಮೊಟ್ಟೆಗಳಿಗೆ ಬೆಳಕು ತಾಗದೆ ಅವು ಒಡೆಯುವುದಿಲ್ಲ. ಎರಡು ದಿನಕ್ಕೊಮ್ಮೆ ನೋಡಿ, ಕಂಡ ಮರಿಗಳನ್ನು ಬೇರ್ಪಡಿಸಿ. ಇಲ್ಲದಿದ್ದರೆ ಅವು ಅಲ್ಲೇ ಮರಿಹಾಕಿ ಎಣಿಕೆ ಕೆಡುತ್ತದೆ. ನೀರಿನಲ್ಲಿ ಕಾಣದ ಪ್ರಭೇದ ತಟ್ಟೆಯಲ್ಲಿ ಹುಟ್ಟಿದರೆ, ಅದು ಹೊಂಡವನ್ನು ತಲುಪಿತ್ತು, ಈಗಿನ ನೀರು ಅದಕ್ಕೆ ಒಗ್ಗಿಲ್ಲ ಅಥವಾ ಅದರ ಕಾಲ ಬಂದಿಲ್ಲ ಎಂದರ್ಥ. ಹುಟ್ಟದಿದ್ದರೆ ಮಾತ್ರ ಇಲ್ಲವೆಂದು ತೀರ್ಮಾನಿಸಬೇಡಿ, ಕೆಲವು ಮೊಟ್ಟೆಗಳು ಮುಂದಿನ ವರ್ಷಗಳಿಗೆಂದೇ ಕಾದಿರುತ್ತವೆ. ಒಂದು ಹೊಂಡದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬಲೆ, ಬೂಟುಗಳನ್ನು ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಬರೀ ಒಣಗಿಸಿದರೆ ಸುಪ್ತ ಮೊಟ್ಟೆಗಳು ಸಾಯುವುದಿಲ್ಲ.