ಇಪ್ಪತ್ತರೊಳಗಿನ ಐಸ್ ಹಾಕಿ: ಜನವರಿ ಒಂದರ ಗೆರೆ, ಲಾಟ್ವಿಯಾ ಕಿತ್ತುಕೊಂಡ ಎರಡು ಅಂಕ

ಓದುಗರ ಪತ್ರ: 2024ರ ಡಿಸೆಂಬರಿನಲ್ಲಿ ಮಗಳ ಮನೆಗೆಂದು ಒಟ್ಟಾವಾಕ್ಕೆ ಹೋಗಿದ್ದೆ. ಅಳಿಯ ವಿಶ್ವ ಜೂನಿಯರ್ ಐಸ್ ಹಾಕಿ ಪಂದ್ಯಗಳಿಗೆ ಕರೆದೊಯ್ದರು. ಕೆಲವು ಸಂಗತಿ ಇನ್ನೂ ತಲೆಗೆ ಹತ್ತಿಲ್ಲ. ಇಪ್ಪತ್ತರೊಳಗಿನವರ ಪಂದ್ಯಾವಳಿ ಅನ್ನುತ್ತಾರೆ, ಆದರೆ ಆಟದ ನಡುವೆಯೇ ಇಪ್ಪತ್ತು ತುಂಬಿದವನೂ ಆಡಬಹುದಂತೆ. ಹತ್ತೊಂಬತ್ತರ ದೊಡ್ಡ ಹೆಸರುಗಳೇ ಅಲ್ಲಿರಲಿಲ್ಲ. ಲಾಟ್ವಿಯಾಕ್ಕೆ ಸೋತ ಕೆನಡಾಕ್ಕೂ ಒಂದು ಅಂಕ ಕೊಟ್ಟರು. ಸೋಲುತ್ತಿರುವ ತಂಡ ಗೋಲಿಯನ್ನೇ (ಗೋಲ್‌ಕೀಪರ್) ಹೊರಗೆ ಕರೆಸುತ್ತದೆ, ಇದೆಂಥ ಲೆಕ್ಕ? ಕೊನೆಯದಾಗಿ, ಡಿಸೆಂಬರಿನಲ್ಲಿ ಹುಟ್ಟಿದ ಆರು ವರ್ಷದ ಮೊಮ್ಮಗನನ್ನು ಈ ಆಟಕ್ಕೆ ಸೇರಿಸುತ್ತಾರಂತೆ. ನೋಡಿಕೊಳ್ಳಬೇಕಾದ್ದೇನು? (ಹುಬ್ಬಳ್ಳಿಯಿಂದ ಒಬ್ಬ ಹಿರಿಯ ಓದುಗರು)

ಸಂಪಾದಕರ ಉತ್ತರ: ಮಾನ್ಯರೇ, ವಯಸ್ಸಿನ ವಿಚಾರದಲ್ಲಿ ನಿಮಗೆ ಬಂದ ಅನುಮಾನ ಸಹಜ. ಕಿರಿಯರ ಕ್ರೀಡೆ ಅಂದಕೂಡಲೇ ಜನನ ಪ್ರಮಾಣಪತ್ರದ ಕಡೆ ಕಣ್ಣು ಹಾಯುವುದು ನಮಗೆಲ್ಲ ರೂಢಿಯಾಗಿಬಿಟ್ಟಿದೆ. ಆದರೆ ಇಲ್ಲಿ ಮೋಸವೇನೂ ಇಲ್ಲ. ಈ ಪಂದ್ಯಾವಳಿ ನೋಡುವುದು ವಯಸ್ಸನ್ನಲ್ಲ, ಹುಟ್ಟಿದ ಇಸವಿಯನ್ನು. ಡಿಸೆಂಬರ್ 26ಕ್ಕೆ ಶುರುವಾಗಿ ಜನವರಿ 5ರ ಹೊತ್ತಿಗೆ ಮುಗಿಯುವುದರಿಂದ ಅದಕ್ಕೆ ಮುಗಿಯುವ ವರ್ಷದ ಹೆಸರು. ನೀವು ನೋಡಿದ್ದು 2025ರದು. ಅದರಲ್ಲಿ ಆಡಲು 2005ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿರಬೇಕಿತ್ತು. ಹಾಗಾಗಿ 2005ರ ಜನವರಿ ಮೊದಲ ವಾರದಲ್ಲಿ ಹುಟ್ಟಿದವನು ಹತ್ತೊಂಬತ್ತರವನಾಗಿ ಬಂದು ಇಪ್ಪತ್ತರವನಾಗಿ ಮನೆಗೆ ಹೋಗುತ್ತಾನೆ. 2004ರ ಡಿಸೆಂಬರ್ 31ರಂದು ಹುಟ್ಟಿದವನಿಗೆ ಬಾಗಿಲು ಮುಚ್ಚಿತು.

ಸ್ವೀಡನ್ನಿನ ಲಿಯೋ ಕಾರ್ಲ್‌ಸನ್ ಹುಟ್ಟಿದ್ದು 2004ರ ಡಿಸೆಂಬರ್ 26ರಂದು. 2025ರ ಪಂದ್ಯಾವಳಿ ಆರಂಭವಾದ ದಿನವೇ ಅವನಿಗೆ ಇಪ್ಪತ್ತು ತುಂಬಿತು. ಆರು ದಿನ ತಡವಾಗಿ ಹುಟ್ಟಿದ್ದರೆ ಅರ್ಹನಾಗುತ್ತಿದ್ದ. ಅರ್ಹನಾದರೂ ಬರುತ್ತಿದ್ದನೇ ಅನ್ನುವುದು ಬೇರೆ ಮಾತು, ಏಕೆಂದರೆ ಅಷ್ಟರಲ್ಲಿ ಅವನು ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್ ಸೇರಿದ್ದ. ‘ದೊಡ್ಡ ಹೆಸರುಗಳೆಲ್ಲಿ’ ಎಂಬ ನಿಮ್ಮ ಪ್ರಶ್ನೆಗೂ ಉತ್ತರ ಇದೇ. 2023ರಲ್ಲಿ ಹದಿನೇಳರ ಕಾನರ್ ಬೆಡಾರ್ಡ್ ಏಳು ಪಂದ್ಯಗಳಲ್ಲಿ 9 ಗೋಲು ಹೊಡೆದು, 14ಕ್ಕೆ ನೆರವಾಗಿ ಕೆನಡಾಕ್ಕೆ ಚಿನ್ನ ತಂದ. 2005ರ ಜುಲೈನಲ್ಲಿ ಹುಟ್ಟಿದ ಅವನು ಒಟ್ಟಾವಾದಲ್ಲೂ ಆಡಬಹುದಿತ್ತು. 2006ರಲ್ಲಿ ಹುಟ್ಟಿದ ಮ್ಯಾಕ್ಲಿನ್ ಸೆಲೆಬ್ರೀನಿಯೂ ಅಷ್ಟೇ. ಇಬ್ಬರೂ ತಮ್ಮ ಎನ್‌ಎಚ್‌ಎಲ್ ಕ್ಲಬ್ಬುಗಳಲ್ಲಿದ್ದರು. ಋತುವಿನ ನಡುವೆ ಆಟಗಾರನನ್ನು ಬಿಟ್ಟುಕೊಡುವುದು ಕ್ಲಬ್ಬಿನ ಮರ್ಜಿ, ಕಡ್ಡಾಯವಲ್ಲ. ಇದರಿಂದ ಹೆಚ್ಚು ಏಟು ಬೀಳುವುದು ಕೆನಡಾಕ್ಕೆ. ಅತ್ಯುತ್ತಮ ಹುಡುಗರು ಹದಿನೆಂಟಕ್ಕೇ ಮೇಲೆ ಹೋಗುತ್ತಾರೆ, ಜೂನಿಯರ್ ತಂಡಕ್ಕೆ ಉಳಿಯುವುದು ಅವರ ಹಿಂದಿನ ಸಾಲು. ಇನ್ನು, ರಷ್ಯಾ ಬೆಲಾರುಸ್‌ಗಳನ್ನು ಅಂತರರಾಷ್ಟ್ರೀಯ ಒಕ್ಕೂಟ 2022ರ ಫೆಬ್ರವರಿಯಲ್ಲೇ ಹೊರಗಿಟ್ಟಿತ್ತು.

ಈಗ ಲಾಟ್ವಿಯಾ. ನಿಗದಿತ ಅರವತ್ತು ನಿಮಿಷದಲ್ಲಿ ಗೆದ್ದರೆ 3 ಅಂಕ. ಸಮಬಲವಾದರೆ ಇಬ್ಬರಿಗೂ ಒಂದೊಂದು, ಓವರ್‌ಟೈಮ್ ಅಥವಾ ಶೂಟ್‌ಔಟ್‌ನಲ್ಲಿ ಗೆದ್ದವರಿಗೆ ಇನ್ನೊಂದು. ಗುಂಪು ಹಂತದ ಓವರ್‌ಟೈಮ್ ಐದು ನಿಮಿಷದ್ದು, ಗೋಲಿಯನ್ನು ಬಿಟ್ಟರೆ ಒಂದೊಂದು ಕಡೆ ಮೂವರೇ ಆಟಗಾರರು. ಅಲ್ಲೂ ಗೋಲಾಗದಿದ್ದರೆ, ಗೋಲಿಯ ಎದುರು ಒಬ್ಬೊಬ್ಬನೇ ಬಂದು ಹೊಡೆಯುವ ಐದೈದು ಹೊಡೆತದ ಶೂಟ್‌ಔಟ್. ಅದೂ ಸಮನಾದರೆ ಒಂದೊಂದೇ ಹೊಡೆತ, ಆಗ ಒಬ್ಬನನ್ನೇ ಮತ್ತೆ ಮತ್ತೆ ಕಳಿಸಬಹುದು. 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಟಿ.ಜೆ. ಓಶಿ ರಷ್ಯಾ ಎದುರು ಹೀಗೇ ಆರು ಸಲ ಹೋಗಿ ನಾಲ್ಕು ಗೋಲು ಹೊಡೆದದ್ದು.

ಡಿಸೆಂಬರ್ 27ರ ಆ ಪಂದ್ಯದಲ್ಲಿ ಲಾಟ್ವಿಯಾದ ಗೋಲಿ ಲಿನಾರ್ಡ್ಸ್ ಫೆಲ್ಡ್‌ಬರ್ಗ್ಸ್ 55 ಹೊಡೆತ ತಡೆದ, ಶೂಟ್‌ಔಟ್‌ನಲ್ಲಿ ಕೆನಡಾ 3-2ರಿಂದ ಸೋತಿತು. ‘ಸೋತರೂ ಒಂದು ಅಂಕ’ ಎಂದು ನಿಮಗೆ ಅನ್ನಿಸಿತು. ಕೆನಡಾದವರಿಗೆ ಅನ್ನಿಸಿದ್ದು ‘ಎರಡು ಅಂಕ ಹೋಯಿತು’ ಎಂದು, ಅವರ ಲೆಕ್ಕವೇ ಸರಿ. ನಾಲ್ಕು ಪಂದ್ಯ ಮುಗಿದಾಗ ಅಮೆರಿಕ 10, ಫಿನ್‌ಲ್ಯಾಂಡ್ 8, ಕೆನಡಾ 7. ಆ ಎರಡು ಅಂಕ ಉಳಿದಿದ್ದರೆ ಕೆನಡಾ 9 ಅಂಕದೊಂದಿಗೆ ಎರಡನೇ ಸ್ಥಾನದಲ್ಲಿದ್ದು, ಕ್ವಾರ್ಟರ್ ಫೈನಲ್‌ನಲ್ಲಿ ಸ್ಲೊವಾಕಿಯಾವನ್ನು ಎದುರಿಸುತ್ತಿತ್ತು. ಮೂರನೆಯದಾದ್ದರಿಂದ ಎದುರಾದದ್ದು ಚೆಕ್. ನಲವತ್ತು ಸೆಕೆಂಡೂ ಉಳಿದಿಲ್ಲದಾಗ ಆಡಮ್ ಯೆಖೋ ಹೊಡೆದ ಗೋಲಿನಿಂದ 4-3ರ ಸೋಲು, ಆತಿಥೇಯರು ಜನವರಿ 2ಕ್ಕೇ ಮನೆಗೆ. ಸ್ಲೊವಾಕಿಯಾ ಸುಲಭದ ತುತ್ತಾಗುತ್ತಿತ್ತು ಎನ್ನುತ್ತಿಲ್ಲ. ಆದರೆ ಫಿನ್‌ಲ್ಯಾಂಡ್ ಆ ದಾರಿಯಲ್ಲೇ ಫೈನಲ್ ತನಕ ನಡೆದು, ಅಲ್ಲಿ ಅಮೆರಿಕಕ್ಕೆ ಓವರ್‌ಟೈಮ್‌ನಲ್ಲಿ 4-3ರಿಂದ ಸೋತಿತು. ಹತ್ತು ತಂಡಗಳಲ್ಲಿ ಎಂಟು ಕ್ವಾರ್ಟರ್ ಫೈನಲ್‌ಗೆ ಹೋಗುವುದರಿಂದ ಗುಂಪು ಹಂತ ಲೆಕ್ಕಕ್ಕಿಲ್ಲ ಎನ್ನುವವರಿದ್ದಾರೆ. ಅವರಿಗೆ ಈ ಒಂದು ಅಂಕಪಟ್ಟಿ ತೋರಿಸಿದರೆ ಸಾಕು. ಎರಡೂ ಗುಂಪಿನ ಕೊನೆಯ ತಂಡಗಳು ಒಂದು ಪಂದ್ಯ ಆಡಿ, ಸೋತವರು ಕೆಳಗಿನ ದರ್ಜೆಗೆ ಇಳಿಯುತ್ತಾರೆ. ಆ ಸಲ ಜರ್ಮನಿಗೆ ಸೋತು ಕಜಕಸ್ತಾನ ಇಳಿಯಿತು.

ಗೋಲಿಯನ್ನು ಕರೆಸಿಕೊಳ್ಳುವುದು ಹುಚ್ಚಾಟವಲ್ಲ. ಒಂದು ಗೋಲಿನ ಹಿನ್ನಡೆ, ಉಳಿದಿರುವುದು ಎರಡು ನಿಮಿಷ ಎನ್ನಿ. 2-3ರಲ್ಲಿ ಸೋತರೂ 2-4ರಲ್ಲಿ ಸೋತರೂ ಸಿಗುವುದು ಸೊನ್ನೆ. ಗೋಲಿಯ ಬದಲು ಆರನೇ ದಾಳಿಕಾರ ಇಳಿದರೆ ಎದುರಾಳಿಯ ಐವರ ಮೇಲೆ ಆರು ಜನ. ಒಬ್ಬನಂತೂ ಖಾಲಿ ಸಿಕ್ಕೇ ಸಿಗುತ್ತಾನೆ. ಹಾಗಾದರೆ ಎದುರಾಳಿ ಅಲ್ಲಿಂದಲೇ ಖಾಲಿ ಗೋಲಿನೊಳಕ್ಕೆ ಪಕ್ (ಆಡುವ ರಬ್ಬರ್ ಬಿಲ್ಲೆ) ಹೊಡೆಯಬಾರದೇಕೆ? ಹೊಡೆಯಬಹುದು, ಹೊಡೆಯುತ್ತಾರೆ ಕೂಡ. ಆದರೆ ಗೋಲಿನ ಬಾಯಿ 1.83 ಮೀಟರ್ ಅಗಲ, 1.22 ಮೀಟರ್ ಎತ್ತರ, ಅಷ್ಟೇ. ನಡುಗೆರೆಗಿಂತ ಹಿಂದಿನಿಂದ ಹೊಡೆದು ಗುರಿ ತಪ್ಪಿ ಪಕ್ ಕೊನೆಯ ಗೆರೆ ದಾಟಿದರೆ ಐಸಿಂಗ್. ಆಟ ಮತ್ತೆ ಶುರುವಾಗುವುದು ಹೊಡೆದವರ ಗೋಲಿನ ಮುಂದೆಯೇ, ಜೊತೆಗೆ ದಣಿದ ಆ ಐವರನ್ನು ಬದಲಿಸುವಂತಿಲ್ಲ. ನಲವತ್ತೈದು ಸೆಕೆಂಡಿಗೊಮ್ಮೆ ಆಟಗಾರರು ಬದಲಾಗುವ ಆಟದಲ್ಲಿ ಇದು ದೊಡ್ಡ ಶಿಕ್ಷೆ. ಅದಕ್ಕೇ ಜಾಣ ತಂಡ ನಡುಗೆರೆ ದಾಟುವವರೆಗೆ ಕೈ ಬಿಗಿಹಿಡಿಯುತ್ತದೆ.

ಎಡವಟ್ಟಾಗುವುದು ಅದಲುಬದಲಿನಲ್ಲಿ. ಗೋಲಿ ಬೆಂಚಿನಿಂದ ಸುಮಾರು ಒಂದೂವರೆ ಮೀಟರ್ ಒಳಗೆ ಬರುವ ಮೊದಲೇ ಆರನೆಯವನು ಆಟಕ್ಕೆ ಇಳಿದರೆ ತಪ್ಪು. ಪಕ್ ನಮ್ಮ ಹತೋಟಿಯಲ್ಲಿ, ಎದುರಾಳಿಯ ವಲಯದೊಳಗೆ ಇದ್ದಾಗಲೇ ಗೋಲಿ ಹೊರಡಬೇಕು. ನಡು ಮೈದಾನದಲ್ಲಿ ಕಿತ್ತಾಟ ನಡೆದಿರುವಾಗ ಹೊರಟರೆ ಗೋಲು ಕೊಟ್ಟಂತೆಯೇ. ಇನ್ನೊಂದು ಸಂದರ್ಭದಲ್ಲೂ ಗೋಲಿ ಓಡುವುದನ್ನು ನೀವು ನೋಡಿರಬಹುದು: ರೆಫರಿ ಎದುರಾಳಿಯ ತಪ್ಪಿಗೆ ಕೈ ಎತ್ತಿದ್ದಾನೆ, ಶಿಳ್ಳೆ ಇನ್ನೂ ಊದಿಲ್ಲ. ತಪ್ಪಿತಸ್ಥ ತಂಡದವರು ಪಕ್ ಹಿಡಿದ ಕ್ಷಣ ಆಟ ನಿಲ್ಲುವುದರಿಂದ ಅಲ್ಲಿ ಅಪಾಯವಿಲ್ಲ, ಒಂದನ್ನು ಬಿಟ್ಟು: ನಮ್ಮವರೇ ಹಿಂದಕ್ಕೆ ಕೊಟ್ಟ ಪಾಸ್ ತಪ್ಪಿ ನಮ್ಮದೇ ಖಾಲಿ ಗೋಲಿನೊಳಗೆ ಜಾರಬಾರದು. ಅದೂ ಆಗಿದ್ದುಂಟು.

ಇನ್ನು ಮೊಮ್ಮಗನ ವಿಚಾರ. ಕೆನಡಾದಲ್ಲಿ ಮಕ್ಕಳನ್ನೂ ಹುಟ್ಟಿದ ಇಸವಿಯ ಪ್ರಕಾರವೇ ಗುಂಪು ಮಾಡುತ್ತಾರೆ. ಡಿಸೆಂಬರಿನ ಮಗು ಅದೇ ವರ್ಷದ ಜನವರಿಯ ಮಗುವಿಗಿಂತ ಹನ್ನೊಂದು ತಿಂಗಳು ಚಿಕ್ಕದು. ಆರರಲ್ಲಿ ಅದು ಬಹಳ ದೊಡ್ಡ ಅಂತರ. ದೊಡ್ಡ ಮೈಯವನನ್ನು ಪ್ರತಿಭೆಯೆಂದು ಆರಿಸುತ್ತಾರೆ, ಆರಿಸಿದವನಿಗೆ ಹೆಚ್ಚು ಅಭ್ಯಾಸ ಸಿಗುತ್ತದೆ, ಹೀಗೆ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಮೇಲ್ದರ್ಜೆಯಲ್ಲಿ ತುಂಬಿಕೊಳ್ಳುತ್ತಾರೆ. ಕೆನಡಾದ ಮನಶ್ಶಾಸ್ತ್ರಜ್ಞ ರಾಜರ್ ಬಾರ್ನ್ಸ್‌ಲಿ 1980ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟಿದ್ದರು. ಮೊದಲ ಕೆಲವು ಆಯ್ಕೆಗಳಲ್ಲಿ ಹುಡುಗ ಹಿಂದೆ ಬಿದ್ದರೆ ಅಳಿಯಂದಿರು ಬೇಸರಿಸಿಕೊಳ್ಳುವುದು ಬೇಡ. ಡಿಸೆಂಬರ್ 26ರ ಕಾರ್ಲ್‌ಸನ್ 2023ರ ಎನ್‌ಎಚ್‌ಎಲ್ ಆಯ್ಕೆಯಲ್ಲಿ (ಕ್ಲಬ್ಬುಗಳು ಸರದಿಯಂತೆ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟ್) ಎರಡನೆಯವನಾಗಿ ಹೋದ. ಆ ಆಯ್ಕೆಯ ಗೆರೆ ಸೆಪ್ಟೆಂಬರ್ 15, ಅಷ್ಟರಲ್ಲಿ ಹದಿನೆಂಟು ತುಂಬಬೇಕು. 1997ರ ಸೆಪ್ಟೆಂಬರ್ 17ರಂದು ಹುಟ್ಟಿದ ಆಸ್ಟನ್ ಮ್ಯಾಥ್ಯೂಸ್ ಎರಡು ದಿನದಿಂದ 2015ರ ಆಯ್ಕೆ ತಪ್ಪಿಸಿಕೊಂಡು, ಮರುವರ್ಷ ಮೊದಲನೆಯವನಾದ.

ಸಾಮಾನು ಕೊಳ್ಳುವಾಗ ನಮ್ಮವರು ಮಾಡುವ ತಪ್ಪು ಒಂದೇ: ‘ಬೆಳೆಯೋ ಹುಡುಗ’ ಅಂತ ದೊಡ್ಡ ಅಳತೆಯ ಸ್ಕೇಟ್ ತರುವುದು. ಸಡಿಲ ಸ್ಕೇಟಿನಲ್ಲಿ ಹರಡು ಒಳಕ್ಕೆ ವಾಲುತ್ತದೆ, ಮಗು ಜಾರುವ ಬದಲು ನಡೆಯಲು ನೋಡುತ್ತದೆ. ಸ್ಕೇಟಿನ ಅಳತೆ ಸಾಮಾನ್ಯವಾಗಿ ಬೂಟಿಗಿಂತ ಒಂದು, ಒಂದೂವರೆ ಕಡಿಮೆ ಇರುತ್ತದೆ. ನೆಟ್ಟಗೆ ನಿಂತಾಗ ಬೆರಳು ಮುಂದೆ ತುಸು ತಾಗಬೇಕು, ಮಂಡಿ ಬಾಗಿಸಿದಾಗ ಹಿಂದೆ ಸರಿಯಬೇಕು. ಕೋಲು ಸ್ಕೇಟ್ ಹಾಕಿದಾಗ ಗದ್ದದವರೆಗಿದ್ದರೆ ಸರಿ. ಮುಖಕ್ಕೆ ಪೂರ್ತಿ ಜಾಲರಿಯಿರುವ ಹೆಲ್ಮೆಟ್ಟೂ ಕುತ್ತಿಗೆ ಪಟ್ಟಿಯೂ ಅಲ್ಲಿ ಮಕ್ಕಳಿಗೆ ಕಡ್ಡಾಯ. ಪಟ್ಟಿಯ ಮೇಲೆ ಬಿಎನ್‌ಕ್ಯೂ ಎಂಬ ಸುರಕ್ಷತಾ ಗುರುತಿದೆಯೇ ನೋಡಿ. ಹೊಸ ಸ್ಕೇಟಿನ ಅಲಗು ಅಂಗಡಿಯಿಂದ ಬಹುಪಾಲು ಮೊಂಡಾಗಿಯೇ ಬರುತ್ತದೆ. ಮೊದಲ ದಿನಕ್ಕೆ ಮುಂಚೆ ಸಾಣೆ ಹಿಡಿಸದಿದ್ದರೆ ಹುಡುಗ ಬಿದ್ದದ್ದೇ ಬಿದ್ದದ್ದು. ಆಟ ಮುಗಿದ ಮೇಲೆ ಅಲಗು ಒರೆಸಿ, ಪ್ಲಾಸ್ಟಿಕ್ ಕವಚ ಹಾಕದೆ ಬಟ್ಟೆಯ ಚೀಲದಲ್ಲಿಡಿ. ಕವಚದೊಳಗೆ ನೀರು ನಿಂತರೆ ಒಂದೇ ರಾತ್ರಿಗೆ ತುಕ್ಕು.